ಸೋದರಮಾವನ ಮೀಟ್ರು

ಮಾವನ ಬಲಗೈ ಹೆಬ್ಬೆರಳಿನ ಉಗುರು ನೋಡಿದರೆ ಸಾಕು, ಆ ದಿನ ಅವನ ಕಾರ್ಖಾನೆಯಲ್ಲಿ ಯಾವ ಬಣ್ಣ ನಡೆಯುತ್ತಿದೆ ಎಂದು ಹೇಳಬಹುದಿತ್ತು. ಉಗುರಿನ ಸಂದಿಯಲ್ಲಿ ಕೆಂಪು ಅರಗು ಕೂತಿದ್ದರೆ ಬುಗುರಿ, ಹಳದಿ ಇದ್ದರೆ ಗಿಲಕಿ, ಹಸಿರು ಇದ್ದರೆ ಗಿಣಿ. ಊಟಕ್ಕೆ ಕೂರುವ ಮೊದಲು ಎಷ್ಟು ಉಜ್ಜಿದರೂ ಅದು ಹೋಗುತ್ತಿರಲಿಲ್ಲ. ಆ ಬಣ್ಣದ ಉಗುರು ರಾಗಿಮುದ್ದೆಯೊಳಗೆ ಮುಳುಗಿ ಏಳುವುದನ್ನು ನೋಡುತ್ತ ಬೆಳೆದವಳು ನಾನು.

ಅವನು ನನ್ನ ಅಮ್ಮನ ಅಣ್ಣ. ನಾನು ಅವನನ್ನು ಕೊನೆಯವರೆಗೂ ಏಕವಚನದಲ್ಲೇ ಕರೆದೆ. ಕಾಲೇಜಿಗೆ ಸೇರಿದ ಹೊಸದರಲ್ಲಿ ನಾಗರಿಕಳಾಗಿಬಿಟ್ಟೆ ಅಂತ ಒಂದು ಸಲ "ಮಾವ, ನೀವು ಕಾಫಿ ಕುಡೀತೀರಾ?" ಅಂದಿದ್ದಕ್ಕೆ ಅವನು ಗಾಬರಿಯಾಗಿ, "ಯಾಕವ್ವ, ಮುನಿಸ್ಕೊಂಡ್ಯಾ?" ಎಂದು ಕೇಳಿದ್ದ.

ಕಾರ್ಖಾನೆ ಅಂದೆನಲ್ಲ, ದೊಡ್ಡದೇನಲ್ಲ. ಚನ್ನಪಟ್ಟಣದ ಒಂದು ಗಲ್ಲಿಯಲ್ಲಿ ಶೀಟು ಹಾಕಿದ ಉದ್ದನೆಯ ಕೋಣೆ, ಒಳಗೆ ಮರ ಕಡೆಯುವ ಎರಡು ಲೇತು, ಹಿಂದೆ ಬೊಂಬೆ ಮಾಡುವ ಆಲೆಮರದ ತುಂಡುಗಳನ್ನು ಅಟ್ಟಿಯಾಗಿ ಜೋಡಿಸಿಟ್ಟ ಅಂಗಳ. ಹಸಿ ಮರ ಕಡೆದು ಅರಗು ಏರಿಸಿದರೆ ನೋಡಲು ಚೆನ್ನಾಗಿಯೇ ಇರುತ್ತದೆ. ಎರಡು ತಿಂಗಳಾದ ಮೇಲೆ ಮರ ಒಣಗಿ ಎಳೆದುಕೊಂಡು ಬೊಂಬೆಯ ಹೊಟ್ಟೆ ಟಪ್ಪನೆ ಬಿರುಕು ಬಿಡುತ್ತದೆ. ಹಾಗಾಗಿ ಮಾವನ ಲೆಕ್ಕದಲ್ಲಿ ಲೋಕದಲ್ಲಿ ಇದ್ದದ್ದು ಎರಡೇ ಜಾತಿ: ಒಣಗಿದ್ದು, ಒಣಗದ್ದು. ಯಾರು ಏನು ಅವಸರ ಮಾಡಿದರೂ ಅವನ ಬಾಯಲ್ಲಿ ಒಂದೇ ಮಾತು. "ಒಣುಗ್ಲಿ ತಡಿಯವ್ವ, ಏನ್ ಅವಸ್ರ?" ಅಮ್ಮ ಒಂದು ಸಲ ಪಾಯಸಕ್ಕೆ ಸಕ್ಕರೆ ತರಲು ಅಂಗಡಿಗೆ ಕಳಿಸಿದಾಗಲೂ ಇದನ್ನೇ ಹೇಳಿದ್ದನೆಂದು ನಮ್ಮ ಮನೆಯಲ್ಲಿ ಇವತ್ತಿಗೂ ನಗುತ್ತಾರೆ.

ಈ ಒಣಗುವ ಹುಚ್ಚು ಮರದಿಂದ ಗೋಡೆಗೆ ಹತ್ತಿದ್ದು ನನ್ನಿಂದ. ದೊಡ್ಡಮಳೂರಿನ ಆಚೆ ನಮ್ಮ ಊರು. ನಾನು ಚಿಕ್ಕವಳಿದ್ದಾಗ ಅರ್ಧ ಮನೆ ನಮ್ಮದು, ಅರ್ಧ ರೇಷ್ಮೆ ಹುಳದ್ದು. ಬೇಸಿಗೆಯಲ್ಲಿ ಹುಳಕ್ಕೆ ಸೆಕೆಯಾಗಬಾರದೆಂದು ನೆನೆಸಿದ ಗೋಣಿತಾಟು ಕಟ್ಟುತ್ತಿದ್ದರು, ನೆಲಕ್ಕೆ ನೀರು ಚಿಮುಕಿಸುತ್ತಿದ್ದರು. ಹುಳ ಸುಖವಾಗಿದ್ದವು. ಗೋಡೆ ಮಾತ್ರ ಮೊಣಕಾಲೆತ್ತರದವರೆಗೆ ಕಪ್ಪಗಾಗಿ, ಸುಣ್ಣ ಹಪ್ಪಳದ ಹಾಗೆ ಏಳುತ್ತಿತ್ತು. ಆ ಗೋಡೆಯ ಪಕ್ಕ ಚಾಪೆ ಹಾಸಿಕೊಂಡು ಮಲಗುತ್ತಿದ್ದ ನನಗೆ ಉಬ್ಬಸ ಶುರುವಾಯಿತು. ಒಂದು ಮಳೆಗಾಲದ ಸಂಜೆ ಉಸಿರು ಎಳೆದುಕೊಳ್ಳಲಾಗದೆ ನನ್ನ ತುಟಿ ನೀಲಿಗಟ್ಟಿದಾಗ, ಹಬ್ಬಕ್ಕೆಂದು ಬಂದಿದ್ದ ಮಾವ ನನ್ನನ್ನು ತನ್ನ ಟಿವಿಎಸ್ ಗಾಡಿಯ ಮುಂದೆ ನಿಲ್ಲಿಸಿಕೊಂಡು, ಒಂದು ಕೈಯಲ್ಲಿ ಗಾಡಿ, ಇನ್ನೊಂದು ಕೈಯಲ್ಲಿ ನನ್ನ ಎದೆ ಹಿಡಿದು ಚನ್ನಪಟ್ಟಣದ ಡಾಕ್ಟರ ಹತ್ತಿರ ಓಡಿಸಿದ. ದಾರಿಯುದ್ದಕ್ಕೂ, "ಉಸ್ರು ಬುಡು ಮಗ, ಉಸ್ರು ಬುಡು" ಎನ್ನುತ್ತಿದ್ದ. ಎಳೆದುಕೋ ಅನ್ನಬೇಕಿತ್ತು, ಗಾಬರಿಯಲ್ಲಿ ಬಿಡು ಅನ್ನುತ್ತಿದ್ದ. ಆ ದನಿ ಈಗಲೂ ನನ್ನ ಕಿವಿಯಲ್ಲಿದೆ.

ಮಗುವನ್ನು ಶೀತದ ಗೋಡೆಯಿಂದ ದೂರ ಮಲಗಿಸಿ ಎಂದರು ಡಾಕ್ಟರು. ಮಾರನೆಯ ವಾರ ಮಾವ ತಾನೇ ಕೈಯಾರೆ ಮಾಡಿದ ಒಂದು ಪುಟ್ಟ ಮಂಚ ತಂದು ನಡುಮನೆಯ ನಟ್ಟನಡುವೆ ಹಾಕಿದ. ನಾಲ್ಕೂ ಕಾಲಿಗೆ ನಾಲ್ಕು ಬಣ್ಣ. ಮನೆಯವರೆಲ್ಲ ಅದಕ್ಕೆ ಕಾಲು ಎಡವುತ್ತ, ಬೈಯುತ್ತ ಓಡಾಡಿದರೂ ಅದನ್ನು ಗೋಡೆಗೆ ಸರಿಸಲು ಅವನು ಬಿಡಲಿಲ್ಲ. ಬಂದಾಗಲೆಲ್ಲ ಮೊದಲು ಗೋಡೆಗೆ ಕೆನ್ನೆ ಒತ್ತಿ ನಿಲ್ಲುತ್ತಿದ್ದ. ಮರ ಒಣಗಿದೆಯೋ ಇಲ್ಲವೋ ಎಂದು ಅವನು ಕಂಡುಕೊಳ್ಳುತ್ತಿದ್ದದ್ದು ಕೆನ್ನೆಯಿಂದಲೇ.

ಕೆನ್ನೆಯ ಕಾಲ ಮುಗಿದದ್ದು ನಾನು ಡಿಗ್ರಿ ಓದುವಾಗ. ಕೆನ್ನೆ ಒಪ್ಪಿದ ಮರದ ಒಂದಿಡೀ ಲೋಡು ಗಿಲಕಿ ಬಿರುಕು ಬಿಟ್ಟು ವಾಪಸು ಬಂತು. ಕೊಂಡವರು, "ಮಾಯಿಶ್ಚರ್ ಮೀಟರ್ ಇಟ್ಕೊಳ್ಳಿ" ಎಂದು ಬುದ್ಧಿ ಹೇಳಿ ಹೋದರು. ಮಾವ ಎರಡು ದಿನ ಕೆನ್ನೆ ಸವರಿಕೊಂಡು ಕೂತಿದ್ದು, ಆಮೇಲೆ ಮಗಳಿಗೆ ಹೇಳಿ ಫೋನಿನಲ್ಲಿ ತರಿಸಿದ. ಟಾರ್ಚಿನಷ್ಟು ಉದ್ದದ ಹಳದಿ ಯಂತ್ರ. ತುದಿಯಲ್ಲಿ ಎರಡು ಸೂಜಿ, ಮೇಲೊಂದು ಪುಟ್ಟ ಗಾಜಿನಲ್ಲಿ ಅಂಕಿ. ಸೂಜಿಗಳನ್ನು ಮರಕ್ಕೆ ಚುಚ್ಚಿದರೆ ಒಳಗೆಷ್ಟು ತೇವ ಎಂದು ಹೇಳುತ್ತದೆ, ಜಾಸ್ತಿಯಿದ್ದರೆ ಕುಂಯ್ ಎಂದು ಕೂಗುತ್ತದೆ. ಮಾವ ಅದಕ್ಕೆ ಮೀಟ್ರು ಅಂದ. ಹಳೆಯದೊಂದು ಕನ್ನಡಕದ ಡಬ್ಬಿಯಲ್ಲಿಟ್ಟು ಅಂಗಿಯ ಜೇಬಿಗೆ ಹಾಕಿಕೊಂಡವನು ಆಮೇಲೆ ಅದನ್ನು ಸುಲಭಕ್ಕೆ ಇಳಿಸಲಿಲ್ಲ.

ಹೊಸ ಮದುಮಗ ಹೆಂಡತಿಯನ್ನು ಊರೂರು ತೋರಿಸುವ ಹಾಗೆ ಅದನ್ನು ಕರೆದುಕೊಂಡು ತಿರುಗಿದ. ಸೌದೆ ಮಾರುವವನ ಗಾಡಿ ನಿಲ್ಲಿಸಿ ಚುಚ್ಚಿದ. ಸಂಡಿಗೆಗೆ ಚುಚ್ಚಿದ. ಕೊಬ್ಬರಿಗೆ ಚುಚ್ಚಿದ. ಎಣ್ಣೆನೀರು ಹಾಕಿಕೊಂಡು ಬಂದ ನನ್ನ ಜಡೆಗೆ ಒಂದು ದಿನ ಸೂಜಿ ತಾಗಿಸಿ, "ಒಸಿ ಬಿಸ್ಲಲ್ಲಿ ಕೂರವ್ವ, ಇನ್ನೂ ಹಸಿ ಐತೆ" ಎಂದು ತೀರ್ಪು ಕೊಟ್ಟ. ನೆಂಟರ ಮನೆಗೆ ಹೋದರೆ ನೀರು ಕುಡಿಯುವ ಮುಂಚೆ ಗೋಡೆ. "ಇದು ಮರದ ಲೆಕ್ಕ, ಗೋಡೇಗೆ ಅಂಗೇ ಅನ್ವಯಿಸಲ್ಲ" ಎಂದು ಎಲ್ಲರಿಗೂ ಪಾಠ ಮಾಡಿ, ಮೊದಲು ಚೆನ್ನಾಗಿ ಒಣಗಿದ ಒಂದು ಗೋಡೆಗೆ ಹಿಡಿದು, ಆಮೇಲೆ ಅನುಮಾನದ ಗೋಡೆಗೆ ಹಿಡಿದು, ಎರಡನ್ನೂ ತಾಳೆ ನೋಡುತ್ತಿದ್ದ.

ತಪ್ಪದೇ ಇರುತ್ತಿದ್ದನೇ? ಭೇಷಾಗಿ ತಪ್ಪುತ್ತಿದ್ದ. ರಾಮನಗರದ ತನ್ನ ಸ್ನೇಹಿತನ ಅಡುಗೆಮನೆಯಲ್ಲಿ ಮೀಟ್ರು ಕೂಗಿತೆಂದು ಹಟ ಹಿಡಿದು ಗಾರೆ ಒಡೆಸಿದ. ಒಳಗೆ ಪೈಪೂ ಇಲ್ಲ, ಸೋರಿಕೆಯೂ ಇಲ್ಲ. ಆ ಮೂಲೆಯಲ್ಲಿ ವರ್ಷಾನುಗಟ್ಟಲೆ ಉಪ್ಪಿನ ಮೂಟೆ ಇಡುತ್ತಿದ್ದರಂತೆ. ಗೋಡೆ ಕುಡಿದ ಉಪ್ಪಿಗೆ ಮೀಟ್ರು ಮೋಸಹೋಗಿತ್ತು. ಸ್ನೇಹಿತನ ಹೆಂಡತಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದರೆ, ಮಾವ ತಾನೇ ಸಿಮೆಂಟು ಕಲಸಿ ಮೆತ್ತಿ ಬಂದ. ಅಂದಿನಿಂದ ಯಾವ ಗೋಡೆಯ ಮುಂದೆ ಕೂತರೂ ಮೊದಲು ಕೇಳುತ್ತಿದ್ದದ್ದು ಇದನ್ನೇ. "ಇಲ್ಲಿ ಉಪ್ಪಿನ ಮೂಟೆ ಏನಾದ್ರೂ ಇಟ್ಟಿದ್ರಾ ತಾಯಿ?"

ಇಷ್ಟರಲ್ಲಿ ನನಗೆ ಗಂಡು ನೋಡಲು ಶುರುಮಾಡಿದ್ದರು. ಹೆಣ್ಣು ನೋಡಲು ಬಂದವರ ಕಣ್ಣಿಗೆ ನನ್ನ ಉಬ್ಬಸ ಬೀಳಬಾರದೆಂದು ಅಮ್ಮನ ಹಟ. ಉಸಿರಿಗೆಂದು ದಿನಾ ಬಾಯಿಗೆ ಹಿಡಿದುಕೊಳ್ಳುವ ಮದ್ದಿನ ಪಂಪನ್ನು ಅಕ್ಕಿ ಡ್ರಮ್ಮಿನ ಹಿಂದೆ ಬಚ್ಚಿಡುತ್ತಿದ್ದಳು. ಕೊನೆಗೆ ಅದು ಹಿಡಿಸುವಂಥ ಒಂದು ಡಬ್ಬಿ ಕಡೆದುಕೊಡು ಎಂದು ಅಣ್ಣನಿಗೆ ಹೇಳಿದಳು, ನೋಡಿದವರು ಕುಂಕುಮದ ಭರಣಿ ಅಂದುಕೊಳ್ಳಬೇಕು. ಮಾವ ಕಡೆದುಕೊಟ್ಟ. ಆದರೆ ಕುಂಕುಮದ ಭರಣಿಯ ಹಾಗಲ್ಲ. ಕೆಂಪು, ಹಳದಿ, ಹಸಿರು ಪಟ್ಟೆ ಬಳಿದು, ಹತ್ತು ಮಾರು ದೂರದಿಂದ ಕಾಣುವ ಹಾಗೆ. ಅಮ್ಮ ಹಣೆ ಚಚ್ಚಿಕೊಂಡಳು. ಮಾವ ಡಬ್ಬಿಯನ್ನು ನನ್ನ ಕೈಗಿಟ್ಟು, "ಮುಚ್ಚಿಡಾಕಲ್ಲ ಕಣವ್ವ. ಬೇಕಾದಾಗ ತಟ್ಟನೆ ಸಿಗ್ಲಿ ಅಂತ" ಎಂದ.

ಮಾಗಡಿಯ ಸಂಬಂಧ ಬಂತು. ಹುಡುಗನದು ಮೋಟರು ವೈಂಡಿಂಗ್ ಅಂಗಡಿ. ನನ್ನನ್ನು ನೋಡಲು ಬಂದಾಗ ಹಾಡು ಬರುತ್ತಾ, ಅಡುಗೆ ಬರುತ್ತಾ ಎಂದೆಲ್ಲ ಕೇಳದೆ, ಮಾವನ ಜೇಬಿನ ಕನ್ನಡಕದ ಡಬ್ಬಿಯನ್ನೇ ಕುತೂಹಲದಿಂದ ನೋಡುತ್ತ ಕೂತಿದ್ದ. ನನಗೆ ಅವನು ಹಿಡಿಸಿದ. ಇನ್ನು ಉಳಿದದ್ದು ನಮ್ಮವರು ಹೋಗಿ ಗಂಡಿನ ಮನೆ ನೋಡಿ ಬರುವ ಶಾಸ್ತ್ರ. ಹುಡುಗಿ ಹೋಗುವ ಪದ್ಧತಿಯಿಲ್ಲ. ಹಾಗಾಗಿ ಅಲ್ಲಿ ನಡೆದದ್ದನ್ನು ನಾನು ಅಮ್ಮನಿಂದ, ಮಾವನಿಂದ, ಆಮೇಲೆ ನನಗೆ ಅತ್ತೆಯಾದ ಹುಡುಗನ ತಾಯಿಯಿಂದ ಕೇಳಿಸಿಕೊಂಡಿದ್ದೇನೆ. ಮೂವರೂ ಬೇರೆ ಬೇರೆ ಕಡೆ ಉಪ್ಪುಖಾರ ಹಾಕುತ್ತಾರೆ, ಮಾತುಗಳನ್ನು ಮಾತ್ರ ಒಂದೇ ರೀತಿ ಹೇಳುತ್ತಾರೆ.

ಹೊರಡುವಾಗ ಅಮ್ಮ, "ಅಣ್ಣ, ಅದನ್ನ ಮನೇಲೇ ಬುಟ್ಟು ಬಾ" ಅಂದಳಂತೆ. "ಕನ್ನಡಕದ ಡಬ್ಬಿ ಕಣಮ್ಮಿ" ಅಂದನಂತೆ ಮಾವ. ಅದೇನೂ ಸುಳ್ಳಲ್ಲವಲ್ಲ. ಕೆಂಗಲ್ಲಿನಲ್ಲಿ ಇಳಿದು ಆಂಜನೇಯನಿಗೆ ಕಾಯಿ ಒಡೆಸಿ, ಸಾವನದುರ್ಗ ಕಾಣುವ ಹೊತ್ತಿಗೆ ಅಮ್ಮನ ಎದೆ ಹಗುರಾಗಿತ್ತು. ಮನೆ ಚೆನ್ನಾಗಿತ್ತು. ಕೇಸರಿಬಾತು, ಉಪ್ಪಿಟ್ಟು ಚೆನ್ನಾಗಿತ್ತು. ಮದುಮಕ್ಕಳಿಗೆಂದು ತೋರಿಸಿದ ಕೋಣೆಗೆ ಹೊಸದಾಗಿ ತಿಳಿಹಸಿರು ಬಣ್ಣ ಹೊಡೆಸಿದ್ದರು. ಅಪ್ಪ ಒಳ್ಳೆಯ ದಿನ ಗೊತ್ತುಮಾಡುವ ಮಾತು ತೆಗೆಯಬೇಕು, ಅಷ್ಟರಲ್ಲಿ ಮಾವ ಕಾಣಿಸಲಿಲ್ಲ. ಹುಡುಕಿದರೆ ಆ ಕೋಣೆಯ ಮೂಲೆಯಲ್ಲಿ, ಮಂಚದ ಹಿಂದೆ, ಕುಕ್ಕರಗಾಲಲ್ಲಿ ಕೂತಿದ್ದ.

"ಇಲ್ಲಿ ಉಪ್ಪಿನ ಮೂಟೆ ಏನಾದ್ರೂ ಇಟ್ಟಿದ್ರಾ ತಾಯಿ?"

"ಇಲ್ವಲ್ಲ, ಯಾಕೆ?" ಎಂದರು ಹುಡುಗನ ತಾಯಿ.

ಮೀಟ್ರು ಕುಂಯ್ ಎಂದಿತು.

"ಏನ್ರೀ ಅದು, ಕರೆಂಟ್ ನೋಡೋದಾ?" ಎಂದರು ಹುಡುಗನ ತಂದೆ.

"ನೀರ್ ನೋಡೋದು ಯಜಮಾನ್ರೆ. ಬಣ್ಣ ಈಗ್ ಹೊಡ್ಸಿದ್ದೀರಿ, ಒಳಗೆ ಗೋಡೆ ಹಸಿ ಐತೆ. ಆ ಕಡೆ ಬಚ್ಲು ತಾನೆ? ಪೈಪು ಎಲ್ಲೋ ಸೋರ್ತೈತೆ."

ಅಮ್ಮ ಹಲ್ಲು ಕಚ್ಚಿಕೊಂಡು, "ಅಣ್ಣ, ಎದ್ದು ಬಾ" ಅಂದಳು. ಹುಡುಗನ ತಂದೆಯ ಮುಖ ಬಿಗಿದುಕೊಂಡಿತ್ತು. "ಹೆಣ್ಣು ಕೊಡೋರು ಮನೆ ನೋಡ್ತಾರೆ, ಸರಿ. ಗೋಡೇಗೆ ಸೂಜಿ ಚುಚ್ಚಿ ನೋಡೋರ್ನ ಇವತ್ತೇ ಕಂಡಿದ್ದು."

ಮಾವ ಮೊಣಕಾಲಿಗೆ ಕೈಯೂರಿ ಎದ್ದ. "ತಪ್ ತಿಳ್ಕೋಬ್ಯಾಡಿ. ನಮ್ಮುಡ್ಗಿಗೆ ಸಣ್ಣೋಳಿದ್ದಾಗಿಂದ ಉಬ್ಬಸ. ಹಸಿ ಗೋಡೆ ಪಕ್ಕ ಮಲಗಿದ್ರೆ ಉಸ್ರು ಕಟ್ತದೆ. ಎದೆ ಹಿಡ್ಕೊಂಡು ಡಾಕ್ಟ್ರತ್ರ ಓಡ್ದೋನು ನಾನು, ನಂಗೊತ್ತು. ನಾಳೆ ಈ ಕೋಣೇಲಿ ಮಲಗೋಳು ಅವಳು. ಅದಕ್ಕೆ ನೋಡ್ದೆ."

ಹುಡುಗನ ತಾಯಿ ಅಮ್ಮನ ಕಡೆ ತಿರುಗಿ, "ಉಬ್ಬಸಾನಾ? ನೀವ್ ಹೇಳ್ಲೇ ಇಲ್ವಲ್ಲ" ಅಂದರು. ಅರಿಶಿನ ಕುಂಕುಮ ಕೊಟ್ಟು ಕಳಿಸಿದರು. ದಿನ ಗೊತ್ತುಮಾಡುವ ಮಾತನ್ನು ಯಾರೂ ಎತ್ತಲಿಲ್ಲ.

ಆ ಸಂಜೆ ನಮ್ಮ ಜಗಲಿಯಲ್ಲಿ ಅಮ್ಮ ಅಣ್ಣನ ಮೇಲೆ ಹರಿಹಾಯ್ದಳು. "ಕೈಗೆ ಬಂದಿದ್ ಸಂಬಂಧಾನ ನಿನ್ ಮೀಟ್ರು ತಿಂದಾಕ್ತು ಕಣೋ! ಇನ್ನು ಊರೆಲ್ಲಾ ಗೊತ್ತಾಯ್ತದೆ. ಯಾರ್ ಬತ್ತಾರೆ ಇವಳ್ನ ನೋಡಾಕೆ?"

"ನಾಳೆ ಆ ಕೋಣೇಲಿ ಮಗ ಉಸ್ರಿಗೆ ಒದ್ದಾಡೋವಾಗ ನೀನಿರ್ತೀಯಾ? ನಾನಿರ್ತೀನಾ? ಗೊತ್ತಿರೋರಾದ್ರೂ ಇರ್ಲಿ ಅಂತ ಹೇಳ್ದೆ ಕಣಮ್ಮಿ."

ಅವನ ಮಾತು ನಿಜವೆಂದು ನನಗೆ ತಿಳಿಯದೇ ಇರಲಿಲ್ಲ. ಆದರೆ ನನಗೆ ಆ ಹುಡುಗ ಬೇಕಾಗಿದ್ದ. "ಮಾವ, ನೀವು ಇನ್ನು ಹೊರಡಿ" ಅಂದೆ. ಮುನಿಸ್ಕೊಂಡ್ಯಾ ಎಂದು ಅವನು ಕೇಳಲಿಲ್ಲ. ಚಪ್ಪಲಿ ಮೆಟ್ಟಿಕೊಂಡು, ಗಾಡಿಯನ್ನು ಬೀದಿಯ ತಿರುವಿನವರೆಗೆ ತಳ್ಳಿಕೊಂಡೇ ಹೋದ.

ತಿಂಗಳು ಕಳೆಯಿತು. ಮಾಗಡಿಯಿಂದ ಫೋನು ಬಂತು, ಅದೂ ಅಪ್ಪನಿಗಲ್ಲ, ಮಾವನಿಗೆ. ಹುಡುಗನ ತಾಯಿಯೇ ಮಾಡಿದ್ದರು. ಗೋಡೆ ಒಡೆಸಿದ್ದೇವೆ, ಬಂದು ನೋಡಿ ಎಂದು. ಮಾವ ಹೋದ. ಬಚ್ಚಲಿನ ಪೈಪು ಗೋಡೆಯೊಳಗೆ ತುಕ್ಕು ಹಿಡಿದು ತೂತಾಗಿ ಬಹಳ ಕಾಲವಾಗಿತ್ತು. ಇಟ್ಟಿಗೆಗಳು ಕೈಯಲ್ಲಿ ಹಿಂಡಿದರೆ ನೀರು ಬರುವ ಹಾಗಿದ್ದವಂತೆ. ಆ ತಾಯಿ ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದರಂತೆ. "ನಮ್ಮತ್ತೇನೂ ಇದೇ ಕೋಣೇಲೇ ಮಲಗ್ತಿದ್ದಿದ್ದು. ಕೆಮ್ಮಿ ಕೆಮ್ಮಿ ಹೋದ್ರು. ವಯಸ್ಸಾಯ್ತು, ಅದ್ಕೆ ಅಂತ ಅನ್ಕೊಂಡಿದ್ವಿ. ನೀವ್ ಬತ್ತೀರಿ ಅಂತ ಗೋಡೆ ಕಲೆ ಕಾಣ್ದಂಗೆ ಬಣ್ಣ ಹೊಡ್ಸಿದ್ದು ನಾನೇ." ಆಮೇಲೆ ಸ್ವಲ್ಪ ನಕ್ಕು, "ನೀವು ಉಬ್ಬಸ ಮುಚ್ಚಿದ್ರಿ, ನಾವು ಗೋಡೆ ಮುಚ್ಚಿದ್ವಿ. ಇನ್ನೇನೂ ಇಲ್ಲ ತಾನೆ?" ಎಂದರಂತೆ.

ಮದುವೆ ಮಾತು ಮತ್ತೆ ಚಿಗುರಿತು. ಆದರೆ ಮುಹೂರ್ತ ಇಡಲು ಮಾವ ಒಪ್ಪಬೇಕಲ್ಲ! ಗೋಡೆ ಒಣಗದೆ ಗಾರೆ ಇಲ್ಲ, ಗಾರೆ ಒಣಗದೆ ಬಣ್ಣ ಇಲ್ಲ, ಬಣ್ಣ ಇಲ್ಲದೆ ಮದುವೆ ಇಲ್ಲ. ಮೊದಮೊದಲು ತಾನೇ ಬಸ್ಸು ಹತ್ತಿ ಹೋಗಿ ನೋಡಿ ಬರುತ್ತಿದ್ದವನು, ಮಳೆ ಹಿಡಿದ ಮೇಲೆ ಮೀಟ್ರನ್ನೇ ಹುಡುಗನ ಕೈಗೆ ಕೊಟ್ಟುಬಂದ. "ನೀನೇ ನೋಡ್ಕಳಪ್ಪ. ನೋಡಿ ನಮ್ಮ ಮಗೀಗೆ ಹೇಳು. ಮಲಗೋಳು ಅವಳು ತಾನೆ?" ಮೀಟ್ರಿಲ್ಲದ ಅವನ ಜೇಬು ಬೋಳುಬೋಳಾಗಿ ಕಾಣುತ್ತಿತ್ತು.

ಹೀಗೆ ಶುರುವಾಯಿತು ನಮ್ಮ ಫೋನು. ಅಂಗಡಿ ಮುಚ್ಚಿ ಮನೆಗೆ ಹೋದ ತಕ್ಷಣ ಮಾಗಡಿಯ ಹುಡುಗ, ಅಷ್ಟರಲ್ಲಿ ನನಗೆ ‘ಅವರು’ ಆಗಿದ್ದವರು, ಮಾಡುತ್ತಿದ್ದರು. "ಇವತ್ತು ಒಂದಂಕಿ ಇಳ್ದೈತೆ." "ಒಣಗಿರೋ ಗೋಡೆಗೆ ಹಿಡಿದು ನೋಡಿದ್ರಾ?" "ನೋಡ್ದೆ. ಇನ್ನೂ ವ್ಯತ್ಯಾಸ ಐತೆ." ಮಳೆ ಜೋರಾದ ದಿನ ಅಂಕಿ ಮತ್ತೆ ಏರುತ್ತಿತ್ತು, ಇಬ್ಬರಿಗೂ ಮಾತು ಕಡಿಮೆಯಾಗುತ್ತಿತ್ತು. ಬೇರೆ ಹುಡುಗಿಯರು ಏನೇನು ಮಾತಾಡಿಕೊಂಡರೋ ಕಾಣೆ, ನಾನು ನನ್ನ ಗಂಡನನ್ನು ಪ್ರೀತಿಸಿದ್ದು ಒಂದು ಬಚ್ಚಲು ಗೋಡೆಯ ಮಾತಾಡುತ್ತ. ಎದುರಿಗೆ ಸಿಕ್ಕ ನೆಂಟರೆಲ್ಲ, "ಏನಮ್ಮಿ, ಗೋಡೆ ಒಣುಗ್ತಾ?" ಎಂದು ಕಿಚಾಯಿಸುತ್ತಿದ್ದರು. ಕೊನೆಗೆ ಒಂದು ಸಂಜೆ ಅವರು, "ಎರಡು ಗೋಡೇನೂ ಒಂದೇ ತೋರಿಸ್ತೈತೆ" ಅಂದರು. ನಾನು ಬಟ್ಟೆ ಬದಲಿಸದೆ, ಮನೆಯ ಚಪ್ಪಲಿಯಲ್ಲೇ ಬಸ್ಸು ಹತ್ತಿ ಕಾರ್ಖಾನೆಗೆ ಹೋಗಿ ಹೇಳಿದೆ. "ಮಾವ, ಒಣಗ್ತು ಕಣೋ." ಅವನು ಲೇತು ನಿಲ್ಲಿಸಿ ನನ್ನ ಮುಖವನ್ನೇ ನೋಡಿದ. "ಕಣೋ ಅಂದ್ಯಲ್ಲ, ಸಾಕು ಬುಡವ್ವ" ಅಂದ. ಆ ದಿನ ಅವನ ಉಗುರು ಹಳದಿ.

ಮದುವೆಯಾಗಿ ಆ ಕೋಣೆಗೆ ಹೋದೆ. ಪಟ್ಟೆಪಟ್ಟೆಯ ಡಬ್ಬಿಯನ್ನು ಅತ್ತೆಯೇ ಕನ್ನಡಿಯ ಪಕ್ಕ, ಕೈಗೆ ಸಿಗುವ ಹಾಗೆ ಇಟ್ಟರು. ಈ ಮನೆಯಲ್ಲಿ ನಾನು ಎಂದೂ ಬಚ್ಚಿಟ್ಟುಕೊಂಡು ಉಸಿರಾಡಲಿಲ್ಲ. ಮಾವ ಬಂದಾಗಲೆಲ್ಲ ಅತ್ತೆ ಚೊಂಬಿನಲ್ಲಿ ನೀರು ಹಿಡಿದು ಬಾಗಿಲಲ್ಲಿ ನಿಂತಿರುತ್ತಿದ್ದರು, ಅವನು ಮತ್ತೆ ತನ್ನ ಜೇಬು ಸೇರಿದ್ದ ಮೀಟ್ರು ಹಿಡಿದು ಅವರನ್ನು ದಾಟಿ ಮೊದಲು ಮೂಲೆಗೆ ಹೋಗುತ್ತಿದ್ದ. ಅಲ್ಲಿ ನೆಲದಿಂದ ಒಂದು ಗೇಣು ಮೇಲೆ ಸೂಜಿಯ ಗುರುತುಗಳು ಎರಡೆರಡಾಗಿ ಇವತ್ತಿಗೂ ಇವೆ.

ಎರಡು ವರ್ಷದ ಹಿಂದೆ ಅವನಿಗೆ ಹೃದಯದ ತೊಂದರೆಯಾಗಿ ಆಸ್ಪತ್ರೆಗೆ ಸೇರಿಸಿದರು. ನನ್ನ ಮಗುವನ್ನು ಅತ್ತೆಯ ಹತ್ತಿರ ಬಿಟ್ಟು ನೋಡಲು ಹೋದಾಗ ನನ್ನ ಕಣ್ಣು ಅಭ್ಯಾಸದ ಮೇಲೆ ಅವನ ಹೆಬ್ಬೆರಳಿಗೆ ಹೋಯಿತು. ಉಗುರಿನಲ್ಲಿ ಯಾವ ಬಣ್ಣವೂ ಇರಲಿಲ್ಲ. ಅದನ್ನು ಕಂಡಾಗ ನನಗೆ ಆದ ಭಯ ಯಾವ ಡಾಕ್ಟರ ಮಾತಿಗೂ ಆಗಿರಲಿಲ್ಲ. ಮಾವ ನಿಧಾನವಾಗಿ ಕೈಯೆತ್ತಿ ತಲೆಯ ಹಿಂದಿನ ಗೋಡೆ ಸವರಿ, "ಗೋಡೆ ಚೆನ್ನಾಗೈತೆ ಕಣವ್ವ. ನೀನು ಮನೇಗೋಗು, ಮಗು ಕಾಯ್ತಿರ್ತದೆ" ಎಂದ. ನನ್ನ ಪಾಲಿಗೆ ಅವನ ಕೊನೆಯ ಮಾತು ಅದೇ ಆಯಿತು.

ನಾನು ಎಳೆದುಕೊಳ್ಳುವ ಉಸಿರಿನಲ್ಲಿ ಅವನ ಪಾಲಿದೆ. ಅದನ್ನು ಅವನ ಮುಂದೆ ಹೇಳಿದ್ದರೆ ನಾಚಿಕೊಂಡು ಎದ್ದು ಹೋಗಿರುತ್ತಿದ್ದ. ಅಮ್ಮ ಮಾತ್ರ ಮಾಗಡಿಯ ಆ ಮಧ್ಯಾಹ್ನದ ಬಗ್ಗೆ ಅಣ್ಣನಿಗೆ ಒಂದು ಒಳ್ಳೆಯ ಮಾತು ಆಡಿದ್ದನ್ನು ನಾನು ಕಾಣೆ. "ಮಾನ ಕಳ್ದುಬುಟ್ಟ" ಎಂದೇ ಕೊನೆಯವರೆಗೂ ಬೈದಳು. ಅವನು ಹೋದ ಮೇಲೆ ಆ ಬೈಗುಳವೂ ನಿಂತಿತು.

ಮೊನ್ನೆ ಮಾವನ ಮಗಳಿಗೆ ಕನಕಪುರದಲ್ಲಿ ಗಂಡು ಗೊತ್ತಾಯಿತು. ಮನೆ ನೋಡುವ ಶಾಸ್ತ್ರಕ್ಕೆ, ಮದುವೆಯಾದವಳಲ್ಲವೇ, ಈ ಸಲ ನಾನೂ ಹೋದೆ. ಹೊಸ ಮನೆ, ಒಳ್ಳೆಯ ಜನ. ಉಪ್ಪಿಟ್ಟಾಯಿತು, ಕಾಫಿಯಾಯಿತು. ಹಿರಿಯರು ಪಂಚಾಂಗ ತೆಗೆಯುವ ಹೊತ್ತಿಗೆ ಅಮ್ಮ ಎದ್ದು, ಮದುಮಕ್ಕಳಿಗೆಂದು ತೋರಿಸಿದ ಕೋಣೆಗೆ ಹೋದಳು. ನಾನು ಹಿಂದೆಯೇ ಹೋದೆ. ಅಮ್ಮ ಕೈಚೀಲದಿಂದ ಒಂದು ಕನ್ನಡಕದ ಡಬ್ಬಿ ತೆಗೆದಳು. ನಮ್ಮಮ್ಮ ಕನ್ನಡಕ ಹಾಕುವುದಿಲ್ಲ.

ಮಂಡಿನೋವಿನ ಅಮ್ಮ ಗೋಡೆ ಹಿಡಿದು ಹಿಡಿದು ಮೂಲೆಯ ಮಂಚದ ಪಕ್ಕ ಕೂತಳು. "ಇಲ್ಲಿ ಉಪ್ಪಿನ ಮೂಟೆ ಏನಾದ್ರೂ ಇಟ್ಟಿದ್ರಾ ತಾಯಿ?"

ಬಾಗಿಲಿಗೆ ಬಂದ ಹುಡುಗನ ತಾಯಿಗೆ ಅರ್ಥವಾಗಲಿಲ್ಲ. "ಇಲ್ಲಮ್ಮ. ಯಾಕೆ, ಹುಡ್ಗೀಗೆ ಏನಾದ್ರೂ ತೊಂದ್ರೆನಾ?"

"ಏನೂ ಇಲ್ಲ ಕಣ್ ತಾಯಿ, ದೇವ್ರು ಚೆನ್ನಾಗಿಟ್ಟವ್ನೆ. ನಮ್ ಕಡೆ ಇದೊಂದು ಶಾಸ್ತ್ರ." ಅಮ್ಮ ಡಬ್ಬಿ ತೆರೆದು ಮೀಟ್ರನ್ನು ಕೈಗೆ ತೆಗೆದುಕೊಂಡಳು. "ನಮ್ಮಣ್ಣ ಮಾಡೋನು. ಈಗ ನಾನ್ ಮಾಡ್ತೀನಿ."

ಆ ಮನೆಯ ಯಜಮಾನರು ಏನೂ ಕೇಳದೆ ಒಳಗೆ ಬಂದು, ಅಮ್ಮನ ಕೈಗೆ ಮೂಲೆ ಎಟುಕಲೆಂದು ಮಂಚವನ್ನು ಪಕ್ಕಕ್ಕೆ ಸರಿಸಿಕೊಟ್ಟರು.